ಡೇಟ್ ಹೊಡೆಯೋ ಲೇಬಲ್ ಗನ್: ಎರಡೂವರೆ ವರ್ಷ ದಿನಾ ಬಳಸಿದ್ಮೇಲೆ

ನಮ್ದು ತುಮಕೂರಲ್ಲಿ ಬಡಾವಣೆ ಒಳರಸ್ತೇಲಿರೋ ಸಣ್ಣ ಅಂಗಡಿ. ದಿನಸಿ ಜೊತೆಗೆ ಹಾಲು, ಮೊಸರು, ಬ್ರೆಡ್ಡು, ಬನ್ನು, ದೋಸೆ ಹಿಟ್ಟು, ಪನೀರು, ಒಂದಿಷ್ಟು ಸೊಪ್ಪು. ಇರೋದು ಒಂದೇ ಗಾಜಿನ ಬಾಗಿಲಿನ ಕೂಲರ್. ಈ ಗನ್ ತಗೊಂಡಿದ್ದು 2023ರ ಯುಗಾದಿ ಆದ್ಮೇಲೆ, ಕೈಯಲ್ಲಿ ಹಿಡಿದು ಒತ್ತಿದ್ರೆ ಒಂದು ಸಾಲಲ್ಲಿ ಎಂಟು ಅಂಕಿ ಇರೋ ಸಣ್ಣ ಲೇಬಲ್ಲನ್ನ ಪ್ಯಾಕೆಟ್ ಮೇಲೆ ಅಂಟಿಸುತ್ತಲ್ಲ ಅದೇ, ಆರುನೂರ ಚಿಲ್ಲರೆ ಕೊಟ್ಟೆ.

ಅದಕ್ಕೂ ಮುಂಚೆ ಒಬ್ರು ಬಿಲ್ಲಿಂಗ್ ಸಾಫ್ಟ್‌ವೇರ್ ಡೆಮೊ ತೋರ್ಸಿದ್ರು, ಎಕ್ಸ್‌ಪೈರಿ ಹತ್ರ ಬಂದ್ರೆ ಫೋನಿಗೆ ಅಲರ್ಟ್ ಬರುತ್ತೆ ಅಂತ. ಚೆನ್ನಾಗಿತ್ತು, ಆದ್ರೆ ನಮ್ಮ ವ್ಯಾಪಾರಕ್ಕೆ ವರ್ಷ ವರ್ಷ ಅಷ್ಟು ದುಡ್ಡು ಕಟ್ಟೋದು ಆಗಲ್ಲ, ಮತ್ತೆ ಅಲರ್ಟ್ ಬರೋದು ನನ್ನ ಫೋನಿಗೆ, ಬೆಳಗ್ಗೆ ಅಂಗಡೀಲಿ ಕೂರೋದು ನಮ್ಮಮ್ಮ, ಸಂಜೆ ಒಬ್ಬ ಕಾಲೇಜ್ ಹುಡುಗ. ಗಿರಾಕಿ ಹಿಟ್ಟು ಕೇಳಿದಾಗ ಕೂಲರ್ ಬಾಗಿಲು ತೆಗ್ದು ಯಾವ ಪ್ಯಾಕೆಟ್ಟಿಗೆ ಕೈ ಹಾಕ್ಬೇಕು ಅನ್ನೋದು ಅವ್ರಿಗೆ ಗೊತ್ತಾಗ್ಬೇಕು, ಅಷ್ಟೇ ನಂಗೆ ಬೇಕಿದ್ದದ್ದು.

ಪ್ಯಾಕೆಟ್ ಮೇಲೆ ಡೇಟ್ ಇರಲ್ವಾ ಅಂತ ಕೇಳ್ಬೋದು. ಇರುತ್ತೆ, ಎಲ್ಲಿರುತ್ತೆ ಅಂತ ಹುಡುಕ್ಬೇಕು. ಅಂಚಲ್ಲಿ ಮಡಚಿರೋ ಕಡೆ ಚುಕ್ಕಿ ಚುಕ್ಕಿ ಅಕ್ಷರದಲ್ಲಿ ಪ್ಯಾಕ್ ಮಾಡಿದ ದಿನ ಹಾಕಿ, ಇನ್ನೊಂದು ಕಡೆ ಅಷ್ಟು ದಿನದೊಳಗೆ ಬಳಸಿ ಅಂತ ಇಂಗ್ಲಿಷಲ್ಲಿ ಬರ್ದಿರ್ತಾರೆ, ಲೆಕ್ಕ ಹಾಕ್ಕೊಳ್ಳೋದು ನಾವು. ಅಮ್ಮಂಗೆ ಇಂಗ್ಲಿಷ್ ಓದೋಕ್ ಬರಲ್ಲ, ಅಂಕಿ ಚೆನ್ನಾಗಿ ಬರುತ್ತೆ.

ಬೆಳಗ್ಗೆ ಐದೂವರೆಗೆ ನಂದಿನಿ ಕ್ರೇಟ್ ಇಳಿಯುತ್ತೆ. ಹಾಲಿಗೆ ನಾನು ಲೇಬಲ್ ಹೊಡೆಯಲ್ಲ, ಮಧ್ಯಾಹ್ನದೊಳಗೆ ಖಾಲಿ ಆಗೋ ಮಾಲು ಅದು. ಆರೂ ಕಾಲಿಗೆ ಹಿಟ್ಟು, ಬ್ರೆಡ್ಡು ಬರೋಷ್ಟರಲ್ಲಿ ಕಾಫಿ ಆಗಿರುತ್ತೆ, ಗನ್ ಕೈಗೆ ತಗೊಂಡು ಹಿಂದಿನ ತಿರುಪು ಎಳೀತೀನಿ, ಬಾಣದ ಗುರುತನ್ನ ಅಂಕಿ ಮೇಲೆ ತಂದು ತಿರುಗಿಸ್ತೀನಿ. ಟಿಕ್ ಟಿಕ್ ಟಿಕ್. ಮೊದಲ ಎರಡು ಅಂಕಿ ತಾರೀಕು, ಮುಂದಿನ ಎರಡು ತಿಂಗಳು, ಒಂದು ಜಾಗ ಖಾಲಿ ಬಿಟ್ಟು ಕೊನೇಲಿ ಮಾಲು ಕೊಟ್ಟೋರ ನಂಬರ್ರು, 1, 2, 3 ಅಂತ ನಾನೇ ಇಟ್ಕೊಂಡಿರೋದು. ಮೊದ್ಲು ರಟ್ಟಿನ ಮೇಲೆ ಒಂದು ಹೊಡೆದು ನೋಡ್ತೀನಿ. ಆಮೇಲೆ ಹಿಟ್ಟಿನ ಪ್ಯಾಕೆಟ್‌ಗಳನ್ನ ಕೌಂಟರ್ ಮೇಲೆ ಸಾಲಾಗಿ ಮಲಗಿಸಿ ಟಕ್, ಟಕ್, ಟಕ್, ಪ್ಯಾಕೆಟ್ ಒಣಗಿದ್ರೆ ಇಪ್ಪತ್ತಕ್ಕೆ ಒಂದು ನಿಮಿಷ ಕೂಡ ಬೇಡ. ಕೂಲರಲ್ಲಿ ಮಿಕ್ಕಿರೋದನ್ನ ಮುಂದಕ್ಕೆ ಎಳೆದು ಹೊಸದನ್ನ ಹಿಂದಕ್ಕೆ. ನಿಜ ಹೇಳ್ಬೇಕಂದ್ರೆ ಇಡೀ ದಿನದಲ್ಲಿ ನಂಗೆ ಇಷ್ಟವಾದ ಕೆಲಸ ಇದು, ಬೀದೀಲಿ ಇನ್ನೂ ಸದ್ದಿರಲ್ಲ, ಆ ಟಕ್ ಟಕ್ ಕೇಳಿಸ್ತಿದ್ರೆ ಅಂಗಡಿ ನನ್ನ ಹಿಡಿತದಲ್ಲಿದೆ ಅನ್ಸುತ್ತೆ.

ಶುರುವಲ್ಲಿ ನಾನು ಒಂದು ತಪ್ಪು ಮಾಡ್ತಿದ್ದೆ, ನೀವು ಮಾಡ್ಬೇಡಿ. ಮಾಲು ಬಂದ ದಿನವನ್ನ ಹೊಡೀತಿದ್ದೆ, ಮೊದ್ಲು ಬಂದಿದ್ದು ಮೊದ್ಲು ಹೋಗ್ಲಿ ಅಂತ. ದಿನಸಿಗೆ ಅದು ಸರಿ. ಆದ್ರೆ ಒಂದ್ಸಲ ಗುರುವಾರ ಬಂದ ಪನೀರು ಸೋಮವಾರ ಬಂದಿದ್ದಕ್ಕಿಂತ ಹಳೇ ಬ್ಯಾಚು, ಏಜೆನ್ಸಿಯವ್ರ ಹತ್ರ ಉಳಿದಿದ್ದನ್ನ ನಮಗೆ ಇಳಿಸಿದ್ರು. ಹೊಸದು ಅಂತ ಹಿಂದೆ ಇಟ್ವಿ, ಅದೇ ಮೊದ್ಲು ಕೆಡ್ತು, ಆರು ಪ್ಯಾಕೆಟ್ ಬಿಸಾಕಿದ್ವಿ. ಆವತ್ತಿಂದ ಮಾರೋಕೆ ಕೊನೇ ದಿನ ಯಾವುದೋ ಅದನ್ನೇ ಹೊಡೀತೀನಿ. ಮೊದ್ಲು ಕೆಡೋದು ಮೊದ್ಲು ಹೋಗ್ಬೇಕು, ಯಾವತ್ತು ಬಂತು ಅನ್ನೋದಲ್ಲ ಮುಖ್ಯ. ಈ ಒಂದು ಬದಲಾವಣೆಗೇ ಗನ್ ದುಡ್ಡು ವಾಪಸ್ ಬಂದಿದೆ.

ಈಗ ಸಿಟ್ಟು ಬಂದಿರೋ ವಿಷ್ಯ. ಇದ್ರ ಜೊತೆ ಬರೋ ಲೇಬಲ್ಲಿನ ಗಮ್ಮು ಕೂಲರಿಗೆ ಅಲ್ಲವೇ ಅಲ್ಲ. ಹಿಟ್ಟಿನ ಪ್ಯಾಕೆಟ್ ತಣ್ಣಗೆ ಬರುತ್ತೆ, ಹೊರಗೆ ಇಟ್ಟ ಎರಡು ನಿಮಿಷಕ್ಕೆ ಮೈಯೆಲ್ಲ ಬೆವರುತ್ತೆ, ಆ ನೀರಿನ ಮೇಲೆ ಅಂಟಿಸಿದ ಲೇಬಲ್ ಅಂಟಿದ ಹಾಗೆ ಕಾಣುತ್ತೆ ಅಷ್ಟೇ, ರಾತ್ರಿ ಕಳೆಯೋಷ್ಟರಲ್ಲಿ ಉದುರಿರುತ್ತೆ. 2024ರ ಏಪ್ರಿಲಲ್ಲಿ, ಆ ಬಿಸಿಲಲ್ಲಿ, ಕೂಲರ್ ತೊಳೆಯೋಕೆ ಕೆಳಗಿನ ತಟ್ಟೆ ಎತ್ತಿದ್ರೆ ಮೂವತ್ತು ನಲವತ್ತು ಲೇಬಲ್ ಒದ್ದೆಯಾಗಿ ಅಂಟ್ಕೊಂಡು ಬಿದ್ದಿದ್ವು. ಅಂದ್ರೆ ಅಷ್ಟು ಪ್ಯಾಕೆಟ್ ಡೇಟೇ ಇಲ್ದೆ ಹೋಗಿದೆ ಅಂತ ತಾನೆ. ಅದೇ ವಾರ ದಿನಾ ಬರೋ ಒಬ್ಬ ಅಜ್ಜಿ ಹಿಟ್ಟಿನ ಪ್ಯಾಕೆಟ್ ವಾಪಸ್ ತಂದ್ರು, ಬಲೂನ್ ತರ ಉಬ್ಬಿತ್ತು, ಹುಳಿ ವಾಸನೆ. ಅವ್ರು ಬೈಲಿಲ್ಲ, ನೋಡಿ ಕೊಡಪ್ಪ ಅಂದ್ರು ಅಷ್ಟೇ. ಲೇಬಲ್ ಇದೆ ಅನ್ನೋ ಧೈರ್ಯದಲ್ಲಿ ನಾವು ಪ್ಯಾಕೆಟ್ ಮುಟ್ಟಿ ನೋಡೋದನ್ನೇ ಬಿಟ್ಟಿದ್ವಿ, ಅದು ನಂಗೆ ಇವತ್ತಿಗೂ ಬೇಜಾರು. ಮಾರಿದವ್ರಿಗೆ ಬರೆದ್ರೆ ಒಣ ಜಾಗದಲ್ಲಿ ಬಳಸಿ ಅಂತ ಉತ್ತರ. ಡಬ್ಬಿ ಮೇಲೆ ಎಲ್ಲೂ ಹಾಗೆ ಬರ್ದಿಲ್ಲ.

ಇನ್ನೊಂದು, ಇಂಕ್ ರೋಲರ್. ಒಣಗ್ತಾ ಬಂದ ಹಾಗೆ ಎಡಗಡೆ ಅಂಕಿ ಮಸುಕಾಗುತ್ತೆ, 8 ಹೋಗಿ 3 ತರ ಕಾಣುತ್ತೆ. 18ನೇ ತಾರೀಕಿನವರೆಗೆ ಬರೋ ಬ್ರೆಡ್ಡನ್ನ ಹುಡುಗ 13 ಅಂತ ಓದ್ಕೊಂಡು ತೆಗ್ದು ಪಕ್ಕಕ್ಕೆ ಇಟ್ಟಿದ್ದ. ಉಲ್ಟಾ ಆಗಿದ್ರೆ ಇನ್ನೂ ಕಷ್ಟ ಇತ್ತು. ರೋಲರ್ರಿಗೆ ಐವತ್ತು ರೂಪಾಯಿ ಆಸುಪಾಸು, ಎರಡು ಯಾವಾಗ್ಲೂ ಎಕ್ಸ್‌ಟ್ರಾ ಇಟ್ಕೊಳ್ಳಿ, ಮಸುಕಾಗ್ತಿದೆ ಅನ್ಸಿದ ದಿನವೇ ಬದಲಾಯಿಸಿ, ಗನ್ನನ್ನ ಬಿಸಿಲು ಬೀಳೋ ಕೌಂಟರ್ ಮೇಲೆ ಬಿಡ್ಬೇಡಿ.

ಲೇಬಲ್ ಸಮಸ್ಯೆಗೆ ನಾನು ಕಂಡ್ಕೊಂಡ ದಾರಿ ಹೀಗಿದೆ. ಹಳೇ ಪಂಚೆ ಹರಿದು ಬಟ್ಟೆ ಮಾಡಿಟ್ಕೊಂಡಿದೀನಿ, ಪ್ಯಾಕೆಟ್ಟಿನ ಒಂದು ಮೂಲೆ ಒರೆಸಿ, ಹಿಟ್ಟು ತಾಗದೇ ಇರೋ ಮೇಲಿನ ಸೀಲ್ ಪಟ್ಟಿ ಮೇಲೆ ಹೊಡೆದು ಹೆಬ್ಬೆರಳಲ್ಲಿ ಒತ್ತೋದು. ಇಪ್ಪತ್ತು ಪ್ಯಾಕೆಟ್ಟಿಗೆ ಒಂದು ನಿಮಿಷದ ಬದ್ಲು ನಾಲ್ಕು ನಿಮಿಷ ಹಿಡಿಯುತ್ತೆ, ಆದ್ರೆ ಈಗ ಹತ್ತರಲ್ಲಿ ಒಂಬತ್ತು ನಿಲ್ಲುತ್ತೆ. ಫ್ರೀಜರ್ ಲೇಬಲ್ ಅಂತ ಬೇರೆ ರೋಲ್ ಸಿಗುತ್ತೆ, ರೇಟ್ ಸುಮಾರು ಎರಡು ಪಟ್ಟು, ಪನೀರಿಗೆ ಮಾತ್ರ ಅದನ್ನ ಹಾಕ್ತೀನಿ. ಒಣ ಮಾಲಿಗೆ, ಅಂದ್ರೆ ಬ್ರೆಡ್ಡು ಬನ್ನು ರಸ್ಕಿಗೆ, ಒಂದು ದೂರೂ ಇಲ್ಲ. ಸೊಪ್ಪಿಗೆ ಇದು ಬೇಡ್ವೇ ಬೇಡ, ಕೊತ್ತಂಬರಿ ಉಳಿಸ್ಕೊಬೇಕಂದ್ರೆ ಅದನ್ನ ಬಾಳೆಹಣ್ಣಿನ ಪಕ್ಕದಿಂದ ಎತ್ತಿಡಿ, ಹಣ್ಣಿಂದ ಬರೋ ಎಥಿಲೀನ್ ಅನ್ನೋ ಅನಿಲಕ್ಕೆ ಎಲೆ ಬೇಗ ಹಳದಿ ಆಗುತ್ತೆ.

ಮಾಲು ಕೊಟ್ಟೋರ ನಂಬರ್ ಹಾಕೋದ್ರಿಂದ ಆದ ಉಪಕಾರ ನಾನು ಅಂದ್ಕೊಂಡಿರ್ಲಿಲ್ಲ. ಕೊನೇ ದಿನ ಮಿಕ್ಕಿರೋ ಪ್ಯಾಕೆಟ್ಟಿನ ಲೇಬಲ್ ಕಿತ್ತು ಒಂದು ನೋಟ್‌ಬುಕ್ಕಿಗೆ ಅಂಟಿಸ್ತಾ ಬಂದೆ. ಎರಡು ತಿಂಗಳು ಬಿಟ್ಟು ತಿರುವಿ ನೋಡಿದ್ರೆ ಪುಟ ತುಂಬ 2, 2, 2, ಅಂದ್ರೆ ಬನ್ನು ಕೊಡೋ ಬೇಕರಿ, ಅದ್ರಲ್ಲೂ ಸೋಮವಾರವೇ ಜಾಸ್ತಿ. ಭಾನುವಾರ ಜನ ಹೊರಗೆ ತಿಂಡಿ ತಿಂತಾರೆ, ನಾನು ಶನಿವಾರದಷ್ಟೇ ಬನ್ನು ಹೇಳ್ತಿದ್ದೆ. ಆ ಬೇಕರಿಯವ್ರು ರಿಟರ್ನ್ ತಗೊಳ್ಳಲ್ಲ. ಭಾನುವಾರದ ಆರ್ಡರ್ ಅರ್ಧ ಮಾಡಿದೆ.

ಕೊನೇ ದಿನದ ಮಾಲಿಗೆ ಇದೇ ಗನ್ನಲ್ಲಿ ಕಮ್ಮಿ ರೇಟ್ ಕೂಡ ಹೊಡೀತೀನಿ. 2025ರ ಸೆಪ್ಟೆಂಬರ್ 22ರಿಂದ ಪ್ಯಾಕೆಟ್ ಪನೀರಿನ ಜಿಎಸ್‌ಟಿ ಹೋಗಿ, ಬೆಣ್ಣೆ ತುಪ್ಪದ್ದು 12ರಿಂದ 5 ಪರ್ಸೆಂಟಿಗೆ ಇಳಿದಾಗ್ಲೂ ಇದೇ ಕೈ ಹಿಡೀತು. ಒಂದು ಎಚ್ಚರ ಇರ್ಲಿ, ಕಮ್ಮಿ ರೇಟಿನ ಸ್ಟಿಕ್ಕರ್ ಹಾಕ್ಬೋದು, ಆದ್ರೆ ಹಳೇ ಎಂಆರ್‌ಪಿ ಮುಚ್ಚೋ ಹಾಗಿಲ್ಲ, ಪ್ಯಾಕ್ ಮಾಡಿದ ಮಾಲಿಗಿರೋ ಸರ್ಕಾರಿ ನಿಯಮ, 2011ರ ಪ್ಯಾಕೇಜ್ಡ್ ಕಮಾಡಿಟೀಸ್ ರೂಲ್ಸಲ್ಲಿ ಅದು ಸ್ಪಷ್ಟವಾಗಿದೆ. ಕಂಪನಿ ಹಾಕಿರೋ ಡೇಟ್ ಮೇಲಂತೂ ಯಾವತ್ತೂ ಅಂಟಿಸ್ಬೇಡಿ, ಗಿರಾಕಿ ಅದನ್ನ ಓದ್ಬೇಕು.

ಗನ್ನಿಗೆ ನಾಲ್ಕು ಸ್ಟಾರ್, ಜೊತೆಗೆ ಬರೋ ಲೇಬಲ್ಲಿಗೆ ಒಂದು. ಒದ್ದೆ ಪ್ಯಾಕೆಟ್ಟಿಗೆ ಒರೆಸದೇನೆ ಅಂಟೋ ರೋಲ್ ಯಾರಾದ್ರೂ ಬಳಸಿದ್ರೆ, 21 ಇಂಟು 12 ಎಂಎಂ ಸೈಜಲ್ಲಿ, ದಯವಿಟ್ಟು ಹೇಳಿ, ಬೇಸಿಗೆ ಶುರುವಾಗೋ ಮುಂಚೆ ತರಿಸ್ಕೊಬೇಕು.