ನೆಲೆ ಉಳಿಸಲು ದುಡ್ಡು ಎಲ್ಲಿ ಹಾಕಬೇಕು: ಬೇಲಿಯೊಳಗೋ, ಹೊರಗೋ?

ಅಮೆರಿಕದಲ್ಲಿ ಸೇನಾ ನೆಲೆ ಕೇಂದ್ರದ ಸ್ವತ್ತು, ಆದ್ರೆ ಅದು ಮುಚ್ಚಿದ್ರೆ ಪೆಟ್ಟು ಬೀಳೋದು ಊರಿಗೆ. 2005ರಲ್ಲಿ ಎರಡು ರಾಜ್ಯಗಳಿಗೆ ಇದರ ಬಿಸಿ ತಟ್ಟಿತು.

ಕನೆಕ್ಟಿಕಟ್‌ನ ಗ್ರೋಟನ್ ಜಲಾಂತರ್ಗಾಮಿ ನೆಲೆ ಪೆಂಟಗನ್‌ನ (ರಕ್ಷಣಾ ಇಲಾಖೆ) ಮುಚ್ಚುವ ಪಟ್ಟಿಯಲ್ಲಿತ್ತು. ಆ ಪಟ್ಟಿಯನ್ನು ಪರಿಶೀಲಿಸುವ ಆಯೋಗ ಗ್ರೋಟನ್ ಹೆಸರು ಕೈಬಿಟ್ಟಿತು, ಊರು ಉಸಿರಾಡಿತು. ಆಮೇಲೆ ರಾಜ್ಯ ತನ್ನದೇ ದುಡ್ಡಲ್ಲಿ ನೆಲೆಯೊಳಗೆ ಡೈವರ್‌ಗಳಿಗೆ ಕಟ್ಟಡ ಕಟ್ಟಿಸಿತು, ಹಳೇ ಬಾಯ್ಲರ್‌ಗಳನ್ನೂ ಸುಧಾರಿಸಿತು. ಬೇರೆಯವರ ಮನೆಗೆ ಸುಣ್ಣ ಹೊಡೆಸಿದ ಹಾಗೆ ಅಲ್ವಾ? ಆದ್ರೆ ಕೆಲಸ ಬೇಗ ಕಣ್ಣಿಗೆ ಕಾಣುತ್ತದೆ.

ವರ್ಜೀನಿಯಾದ ಓಷಿಯಾನಾ ಎಂಬ ನೌಕಾಪಡೆಯ ಜೆಟ್ ನೆಲೆಯಲ್ಲಿ ತೊಂದರೆ ಹೊರಗಿನದು, ರನ್‌ವೇ ಸುತ್ತ ಮನೆಗಳು ಜಾಸ್ತಿಯಾಗಿ ನೆಲೆಯೇ ಕೈತಪ್ಪುವ ಭಯವಿತ್ತು. ಅದಕ್ಕೇ ರಾಜ್ಯ ಮತ್ತು ವರ್ಜೀನಿಯಾ ಬೀಚ್ ನಗರ ವರ್ಷಕ್ಕೆ ತಲಾ 75 ಲಕ್ಷ ಡಾಲರ್‌ವರೆಗೆ ಹಾಕಿ ಸುತ್ತಲ ಜಾಗ ಕೊಳ್ಳತೊಡಗಿದವು. ನಿಧಾನದ ಕೆಲಸ, ಬಿಲ್ಡರ್‌ಗಳ ಮುನಿಸು ಬೇರೆ. ಆದ್ರೆ 2012ರಲ್ಲಿ ಎಫ್-18 ಯುದ್ಧವಿಮಾನ ಅಲ್ಲಿನ ಒಂದು ಅಪಾರ್ಟ್‌ಮೆಂಟ್ ಮೇಲೆ ಬಿದ್ದಾಗ (ಪುಣ್ಯಕ್ಕೆ ಯಾರೂ ಸಾಯಲಿಲ್ಲ) ಇದು ಸುಮ್ನೆ ಖರ್ಚಲ್ಲ ಅಂತ ಎಲ್ಲರಿಗೂ ಗೊತ್ತಾಯ್ತು.

ನಿಮ್ಮೂರಲ್ಲಿ ಜೆಟ್ ಹಾರುತ್ತಿದ್ದರೆ ಮೊದಲು ಜಾಗ ಕೊಳ್ಳಿ. ಕಟ್ಟಡ ಐದು ವರ್ಷ ಬಿಟ್ಟೂ ಕಟ್ಟಬಹುದು, ಒಮ್ಮೆ ಎದ್ದ ಮನೆ ಕೆಡವಿಸೋದು ಕಷ್ಟ. ಹಡಗಿನ ನೆಲೆಯಾದ್ರೆ ಗ್ರೋಟನ್ ದಾರಿ.