ಮೈದಾನದ ಬಾಸ್ ಕ್ಲಾರಿನೆಟ್‌ಗೆ ವ್ಯಾಂಡೋರೆನ್ ಬಿ50 ಮೌತ್‌ಪೀಸ್

ನನ್ನ ಮಗಳು ಟೆಕ್ಸಾಸ್‌ನಲ್ಲಿ ಹೈಸ್ಕೂಲ್ ಮಾರ್ಚಿಂಗ್ ಬ್ಯಾಂಡ್‌ಗೆ, ಅಂದರೆ ಮೈದಾನದಲ್ಲಿ ನಡೆಯುತ್ತಲೇ ನುಡಿಸುವ ತಂಡಕ್ಕೆ, ಬಾಸ್ ಕ್ಲಾರಿನೆಟ್ (ತಗ್ಗು ದನಿಯ ದೊಡ್ಡ ಕ್ಲಾರಿನೆಟ್) ನುಡಿಸುತ್ತಾಳೆ. ಎಷ್ಟೋ ಶಾಲೆಗಳಲ್ಲಿ ಮಾರ್ಚಿಂಗ್ ಸೀಸನ್ ಬಂತು ಅಂದರೆ ಬಾಸ್ ಕ್ಲಾರಿನೆಟ್ ಮಕ್ಕಳಿಗೆ ಬೇರೆ ವಾದ್ಯ ಕೊಡುತ್ತಾರೆ. ಇವರ ಬ್ಯಾಂಡ್‌ನಲ್ಲಿ ಹಾಗಿಲ್ಲ. ಹೆಗಲಿಗೆ ಹಾರ್ನೆಸ್ ಹಾಕಿಕೊಂಡು ಅದನ್ನೇ ಹೊತ್ತು ನಡೆಯುತ್ತಾರೆ. ಮೈಸೂರಿನಲ್ಲಿ ಓದುವಾಗ ನಾನೂ ಬ್ಯಾಂಡ್‌ನಲ್ಲಿ ಕ್ಲಾರಿಯೋನೆಟ್ ನುಡಿಸಿದವನು. ಹಾಗಾಗಿ ಅವಳ ವಾದ್ಯಕ್ಕೆ ಮೌತ್‌ಪೀಸ್ (ಬಾಯಿಗೆ ಇಟ್ಟು ಊದುವ ಭಾಗ) ಹುಡುಕುವ ಕೆಲಸ ನನ್ನ ಪಾಲಿಗೆ ಬಂತು, ಖುಷಿಯಿಂದಲೇ ಮಾಡಿದೆ.

ವಾದ್ಯ ಯಮಾಹಾ ವೈಸಿಎಲ್-221. ಮೈ ಪೂರ್ತಿ ರೆಸಿನ್, ಮರವಲ್ಲ. ಬಿಸಿಲು ಮಳೆಗೆ ಇದೇ ಸರಿ. ಅದರ ಜೊತೆ ಬಂದಿದ್ದ 4ಸಿ ಮೌತ್‌ಪೀಸ್ ಕಲಿಯೋಕೆ ಚೆನ್ನಾಗಿದೆ. ಆದರೆ ಮೈದಾನದಲ್ಲಿ ಗೋಡೆಯೂ ಇಲ್ಲ, ಛಾವಣಿಯೂ ಇಲ್ಲ. ಹಿಂದೆ ಟ್ಯೂಬಾಗಳು ಶುರುವಾದರೆ ಕೆಳಗಿನ ಸ್ವರಗಳು ಕೇಳಿಸುವುದೇ ಇಲ್ಲ. ಮಗಳು ಉಸಿರು ಜಾಸ್ತಿ ಕೊಟ್ಟಷ್ಟೂ 4ಸಿಯಲ್ಲಿ ದನಿ ಹಿಗ್ಗುವ ಬದಲು ಬಿಗಿಯುತ್ತಿತ್ತು.

ಅದಕ್ಕೇ ವ್ಯಾಂಡೋರೆನ್ ಬಿ50 ತರಿಸಿದೆವು. 1905ರಿಂದ ನಡೆದುಬಂದ ಪ್ಯಾರಿಸ್ ಕಂಪನಿ, ಕ್ಲಾರಿನೆಟ್‌ನವರಿಗೆ ಪರಿಚಯ ಹೇಳಬೇಕಾಗಿಲ್ಲ. ಇದು ಎಬೊನೈಟ್‌ದು, ಅಂದರೆ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರ್. ರೀಡ್‌ಗೂ (ಊದಿದಾಗ ಅದುರಿ ದನಿ ಹುಟ್ಟಿಸುವ ತೆಳ್ಳನೆಯ ಪಟ್ಟಿ) ಮೌತ್‌ಪೀಸ್‌ನ ತುದಿಗೂ ನಡುವಿನ ಸಂದು 4ಸಿಗಿಂತ ಅಗಲ. ಸಂದು ಅಗಲವಾದರೆ ರೀಡ್‌ಗೆ ಆಡಲು ಜಾಗ ಜಾಸ್ತಿ, ದನಿ ದೊಡ್ಡದು. ಆದರೆ ರೀಡ್ ಮೆತ್ತಗಿರಬೇಕು. ಮೂರನೇ ನಂಬರಿನ ರೀಡ್ ಹಾಕಿದಾಗ (ನಂಬರ್ ಏರಿದಷ್ಟೂ ರೀಡ್ ಗಟ್ಟಿ) ಮಗಳ ದವಡೆ ಬೇಗ ಸೋತಿತು. ಎರಡೂವರೆಗೆ ಇಳಿಸಿದ ಮೇಲೆ ಹಗುರಾಯಿತು.

ರೀಡ್ ಕೂರಿಸುವುದರಲ್ಲೇ ಅರ್ಧ ವಿಷಯ ಇದೆ. ಮುಖಕ್ಕೆ ನೇರ ಹಿಡಿದು ನೋಡಿದರೆ ರೀಡ್‌ನ ಮೇಲಂಚಿನ ಆಚೆ ಮೌತ್‌ಪೀಸ್‌ನ ಕಪ್ಪು ಕೂದಲೆಳೆಯಷ್ಟೇ ಕಾಣಬೇಕು. ಎರಡೂ ಪಕ್ಕ ಸಮವಿರಬೇಕು. ಆಮೇಲೆ ನಾನು ಮಾಡಿಸುವ ಪರೀಕ್ಷೆ ಒಂದೇ: ಕೆಳಗಿನ ಇ ಸ್ವರ ಹಿಡಿದು, ಬೆರಳು ಕದಲಿಸದೆ ರಿಜಿಸ್ಟರ್ ಕೀ (ಸ್ವರವನ್ನು ಮೇಲಕ್ಕೆ ಜಿಗಿಸುವ ಕೀಲಿ) ಮಾತ್ರ ಒತ್ತುವುದು. ಮೇಲಿನ ಬಿ ಥಟ್ಟನೆ ಬರಬೇಕು. ಕೀಚ್ ಅನ್ನಬಾರದು, ತಡವರಿಸಲೂಬಾರದು. ಕುಳಿತು ಸರಿಯಾಗಿ ಬಂದರೆ ಸಾಲದು, ನಿಂತಲ್ಲೇ ಹೆಜ್ಜೆ ಹಾಕುತ್ತಾ ಬರಬೇಕು. ಬಿ50 ಇದರಲ್ಲಿ ಗೆದ್ದಿತು. ಹೆಜ್ಜೆ ಅದುರಿ ಬಾಯಿಯ ಹಿಡಿತ ಸ್ವಲ್ಪ ಸಡಿಲವಾದರೂ ಸ್ವರ ಕೈಕೊಡಲಿಲ್ಲ. ಮೈದಾನಕ್ಕೆ ಬೇಕಾದದ್ದು ಈ ಗುಣವೇ. ಬರೀ ಜೋರು ದನಿ ಅಲ್ಲ.

ಮೇಲಿನ ಹಲ್ಲು ಕೂರುವ ಜಾಗಕ್ಕೆ ತೆಳ್ಳನೆಯ ರಬ್ಬರ್ ಪ್ಯಾಚ್ ಅಂಟಿಸಿಬಿಡಿ. ಬೆಲೆ ಕಡಿಮೆ, ನಡೆಯುವಾಗ ಹಲ್ಲಿಗೆ ಬಡಿಯುವ ಪೆಟ್ಟು ಎಷ್ಟೋ ತಗ್ಗುತ್ತದೆ.

ಇನ್ನು ಕೊರತೆ. ಒಳಾಂಗಣದ ಕಾನ್ಸರ್ಟ್‌ಗೆ ಇದು ನನಗೆ ಅಷ್ಟು ಹಿಡಿಸಲಿಲ್ಲ. ಮೆಲ್ಲಗೆ ನುಡಿಸುವಾಗ ದನಿ ಹರಡಿಕೊಳ್ಳುತ್ತದೆ, ಶ್ರುತಿ ಕಾಯ್ದುಕೊಳ್ಳಲು ಮಗಳು ಪಾಡು ಪಡುತ್ತಾಳೆ. ಅಲ್ಲಿಗೆ ಸೆಲ್ಮರ್ ಸಿ ಸ್ಟಾರ್ ಮೌತ್‌ಪೀಸ್ ನನ್ನ ಆಯ್ಕೆ. ದನಿ ಒಂದೆಡೆ ನಿಲ್ಲುತ್ತದೆ, ಕಿವಿಗೆ ಹಿತ. ಬಿಸಿಲೂ ಎಬೊನೈಟ್‌ಗೆ ಆಗದು. ಆಗಸ್ಟ್‌ನಲ್ಲಿ ಇಲ್ಲಿ 38 ಡಿಗ್ರಿ ದಾಟುತ್ತದೆ, ನೀರು ಕುಡಿಯಲು ಬಿಟ್ಟಾಗ ಮಕ್ಕಳು ವಾದ್ಯವನ್ನು ಹುಲ್ಲಿನ ಮೇಲೇ ಮಲಗಿಸಿ ಓಡುತ್ತಾರೆ. ಹೀಗೇ ಬಿಟ್ಟರೆ ಕಪ್ಪು ಬಣ್ಣ ಕಂದು-ಹಸಿರಿಗೆ ತಿರುಗುತ್ತದೆ. ಬಿಸಿನೀರಲ್ಲಿ ತೊಳೆದರೂ ಅದೇ ಗತಿ. ತಣ್ಣೀರು, ಮೆತ್ತನೆ ಬಟ್ಟೆ, ಅಷ್ಟು ಸಾಕು.

ಹೊರಗೆ ಬಿದಿರಿನಂಥ ಕೇನ್ ರೀಡ್ ಬೇಗ ಒಣಗುತ್ತದೆ, ತುದಿ ಚಕ್ಕೆ ಏಳುತ್ತದೆ. ನಾವು ಕೆನಡಾದ ಲೆಜೆರೆ ಸಿಂಥೆಟಿಕ್ ರೀಡ್‌ಗೆ ಬದಲಾದೆವು. ಒದ್ದೆ ಮಾಡುವ ಗೋಜಿಲ್ಲ. ದುಬಾರಿ ನಿಜ, ಆದರೆ ಮೈದಾನಕ್ಕೆ ನಾನು ಕಣ್ಣು ಮುಚ್ಚಿ ಹೇಳುವ ವಸ್ತು ಇದು.

ಮೊದಲ ವರ್ಷದ ಮಕ್ಕಳಿಗೆ ಬಿ50 ಬೇಡ. ಬಾಯಿಯ ಹಿಡಿತ ಕೂರುವ ತನಕ 4ಸಿಯೇ ಇರಲಿ, ಸುಮ್ನೆ ದುಡ್ಡು ಹಾಕಬೇಡಿ. ಎರಡನೇ ಸೀಸನ್‌ಗೆ ತಗೊಳ್ಳುವುದಾದರೆ, ಟ್ರಯಲ್‌ಗೆ ಕಳಿಸುವ ಅಂಗಡಿ ಹುಡುಕಿ ಒಂದೇ ಮಾಡೆಲ್‌ನ ಎರಡು ತರಿಸಿ ಊದಿ ನೋಡಿ. ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ. ನಮಗೆ ಬಂದ ಡಬ್ಬಿಯಲ್ಲಿ ಬರೀ ಮೌತ್‌ಪೀಸ್ ಇತ್ತು. ಲಿಗೇಚರ್ (ರೀಡನ್ನು ಬಿಗಿದು ಹಿಡಿಯುವ ಪಟ್ಟಿ), ಕ್ಯಾಪ್ (ಮುಚ್ಚಳ) ಬೇರೆಯೇ ಕೊಳ್ಳಬೇಕು. ಸಣ್ಣ ಕ್ಲಾರಿನೆಟ್‌ನವು ಇದಕ್ಕೆ ಹಿಡಿಯುವುದಿಲ್ಲ, ಆರ್ಡರ್ ಮಾಡುವಾಗ ಬಾಸ್ ಅಂತಲೇ ಹೇಳಿ.