ಗೋವಾದಾಗ ಕೈಟ್ ಸರ್ಫಿಂಗ್ ಕಲಿಯಾಕ ಹೊಂಟವ್ರು ಒಂದ್ ನಿಮಿಷ ನಿಂತು ಓದ್ರಿ

ಹುಬ್ಬಳ್ಳಿ ಹುಡುಗೂರಿಗೆ ಎರಡ್ ದಿನ ಸೂಟಿ ಸಿಕ್ರ ಗಾಡಿ ತಾನ ಗೋವಾ ಕಡೆ ಹೊಳ್ತೈತಿ, ಈಗ ರೀಲ್ಸ್ ನೋಡಿ, ದೊಡ್ಡ ಪತಂಗದಂಥ ಕೈಟ್ ಎಳದಂಗ ಹಲಗಿ ಮ್ಯಾಲೆ ನಿಂತು ನೀರಿನ ಮ್ಯಾಲೆ ಜಾರೋ ಕೈಟ್ ಸರ್ಫಿಂಗ್ ಹುಚ್ಚು ಬ್ಯಾರೆ ಹತ್ತೇತಿ. ನಮಗೂ ಹತ್ತಿತ್ತು. ಫೆಬ್ರುವರಿದಾಗ ನಾನೂ ನಮ್ಮ ಅಕ್ಕನ ಮಗನೂ ಧಾರವಾಡ, ಲೋಂಡಾ, ಅನಮೋಡ ಘಾಟ್ ಹಿಡದು ಹೋದ್ವಿ. ಮೋರ್ಜಿ, ಅಶ್ವೆಂ ಕಡೆ ಕಲಸೋ ಸ್ಕೂಲ್ ಅದಾವ ಅಂತ ಗೊತ್ತಿತ್ತು, ಆದ್ರ ರೇಟ್ ಕೇಳಿ ಎದಿ ಧಸಕ್ ಅಂತು, ಅದಕ್ಕ ಬ್ಯಾರೆ ಬೀಚಿನಾಗ ಕಮ್ಮಿ ರೊಕ್ಕಕ್ಕ ಕಲಸ್ತೀನಿ ಅಂದಾಂವನ್ನ ಹಿಡದ್ವಿ.

ಅಂವ ಕಲಸಿದ್ದು ಏನಪಾ ಅಂದ್ರ, ಸೊಂಟಕ್ಕ ಹಾರ್ನೆಸ್ ಅನ್ನೋ ಪಟ್ಟಾ ಕಟ್ಟಿದ, ಕೈಟ್ ತಿರಗಸೋ ಕೋಲು, ಅಂದ್ರ ಬಾರ್, ಹಿಡಿಯೋದು ತೋರಿಸಿದ, ಎಡಕ್ಕ ಎಳದ್ರ ಎಡಕ್ಕ ಬಲಕ್ಕ ಎಳದ್ರ ಬಲಕ್ಕ, ಮುಗೀತು. ಹೊಸಬ್ರಿಗೆ ಮದ್ಲ 2-3 ಚದರ ಮೀಟರಿನ ಸಣ್ಣ ಕೈಟ್ ಕೊಟ್ಟು ಕೈ ಪಳಗಸ್ತಾರ, ಇಂವ ಸೀದಾ 9 ಮೀಟರಿಂದು ಬಿಚ್ಚಿದ. ನಮ್ಮ ಹುಡುಗ ಅಂತೂ "ಮಾಮಾ, ಆಷಾಢದಾಗ ಎಷ್ಟ್ ಪತಂಗ ಹಾರ್ಸೀನಿ, ಇದೇನ್ ಮಹಾ" ಅಂತ ನಿಂತ. ನಾನೂ ನಕ್ಕೆ ನೋಡ್ರಿ. ಪತಂಗದ ದಾರ ಕೈಯಾಗಿರ್ತೈತಿ, ಇದು ಸೊಂಟಕ್ಕ ಸಿಗಿಸಿರ್ತಾರ ಅನ್ನೋದು ಆಗ ತಲಿಗೆ ಹೋಗ್ಲಿಲ್ಲ.

ನಾವು ನಿಂತ ಜಾಗ ಹೆಂಗಿತ್ತು ಅಂದ್ರ ಬಲಕ್ಕ ಲೈಫ್‌ಗಾರ್ಡ್‌ನವ್ರ ಕೆಂಪು-ಹಳದಿ ಬಾವುಟ, ಅದರ ನಡುವ ಜನ ಈಜಾಕತ್ತಿದ್ರು, ಎಡಕ್ಕ ಮೀನಗಾರರ ದೋಣಿ ಸಾಲಾಗಿ ದಂಡಿಗೆ ಎಳದು ಇಟ್ಟಿದ್ರು, ಗಾಳಿ ನೇರ ಆ ದೋಣಿ ಕಡೀಗೇ ಬೀಸಾಕತ್ತಿತ್ತು.

ಮೂರು ಗಂಟಿ ಹೊತ್ತಿಗೆ ಗಾಳಿ ಏರಿತು. ಗಾಳಿ ಎರಡು ಪಟ್ಟಾದ್ರ ಎಳತ ನಾಕು ಪಟ್ಟಾಗ್ತೈತಿ, ಇದು ಆಮ್ಯಾಲೆ ತಿಳಿದದ್ದು. ಕೈಟ್ ನೆತ್ತಿ ಮ್ಯಾಲಿಂದ ಸರಕ್ಕನ ಮುಂದಕ್ಕ ಇಳೀತು, ಎಳತ ಭಾಳ ಜೋರ್ ಇರೋ ಆ ಜಾಗಕ್ಕ ಪವರ್ ಝೋನ್ ಅಂತಾರ, ಹುಡುಗ ಗಾಳ್ಯಾಗ ಎದ್ದು ಮೊಣಕಾಲ ಮ್ಯಾಲೆ ಬಿದ್ದ, ಹಂಗ ಉಸುಕಿನಾಗ ದರದರ ಎಳಕೊಂಡು ಹೊಂಟಿತು. ಹೆದರಿದ ಮನಷ್ಯಾ ಬಾರನ್ನ ಗಟ್ಟಿ ಹಿಡದು ಎದಿಗೆ ಎಳಕೊಂತಾನ, ಎಳಕೊಂಡಷ್ಟೂ ಕೈಟಿಗೆ ಜೋರ್ ಬರ್ತೈತಿ. ಬಾರ್ ಬಿಟ್ರ ಕಮ್ಮಿ ಆಗ್ತಿತ್ತು! ಅದನ್ನ ಯಾರೂ ಹೇಳಿದ್ದಿಲ್ಲ. "ಮಾಮಾ ಹಿಡೀ" ಅಂತ ಚೀರಿದ, ನಾನು ಓಡಿ ಹೋಗಿ ದಾರಕ್ಕೇ ಕೈ ಹಾಕಿದೆ, ಅಂಗೈ ಬ್ಲೇಡ್ ಎಳದಂಗ ಸೀಳಿತು. ಕಡೀಕ ಕೈಟ್ ಒಂದು ದೋಣಿಗೆ ಸಿಕ್ಕು ಹರದು ನಿಂತಿತು. ಕಲಸಾಂವ ಬಂದು ಮದ್ಲ ನೋಡಿದ್ದು ಕೈಟನ್ನ, ಮ್ಯಾಲೆ ಅದರ ರೊಕ್ಕನೂ ಕೇಳಿದ. ಸೊಂಟದ ಮುಂದ ಇದ್ದ ಕೆಂಪು ಹಿಡಿ ಕ್ವಿಕ್ ರಿಲೀಸ್, ಮುಂದಕ್ಕ ದೂಡಿದ್ರ ಕೈಟ್ ಸತ್ತಂಗ ಬೀಳ್ತೈತಿ ಅಂತ ನಮಗ ತೋರಿಸಿದ್ದು ಸೀಟಿ ಹೊಡಕೋಂತ ಓಡಿ ಬಂದ ಲೈಫ್‌ಗಾರ್ಡ್.

ಹಟಕ್ಕ ಬಿದ್ದು ಮಾರ್ಚಿನಾಗ ಮತ್ತ ಹೋದ್ವಿ, ಈ ಸಲ ರೊಕ್ಕ ಜಾಸ್ತಿ ಕೊಟ್ಟು. ಅಲ್ಲಿ ಕಲಸೋ ಮೇಡಂ ಅರ್ಧಾ ತಾಸು ಕೈಟ್ ಚೀಲದಿಂದ ತಗೀಲೇ ಇಲ್ಲ, ನಮ್ಮನ್ನ ಕರಕೊಂಡು ದಂಡಿ ಉದ್ದಕ್ಕೂ ನಡದ್ರು. ಒಂದು ಮುಟಗಿ ಉಸುಕು ತೂರಿ ಗಾಳಿ ಯಾ ಕಡೆ ಅಂತ ಕೇಳಿದ್ರು. ದಾರದ ಉದ್ದನ ಸುಮಾರು 20 ಮೀಟರಿಗೂ ಜಾಸ್ತಿ ಇರ್ತೈತಿ, ಅದಕ್ಕ ಗಾಳಿ ಹೋಗೋ ಕಡೆ ಅದರ ಎರಡು ಪಟ್ಟು ಜಾಗ ಖಾಲಿ ಇರ್ಬೇಕು, ಮಂದಿ ಇಲ್ಲ, ಗಿಡ ಇಲ್ಲ, ದೋಣಿ ಇಲ್ಲ. ಈಜೋ ಬಾವುಟದ ಹತ್ರ ಸುಳಿಯಂಗಿಲ್ಲ. ಕಡಲಾಮೆ ಮೊಟ್ಟಿಗೆ ಅರಣ್ಯ ಇಲಾಖೆಯವ್ರು ಬೇಲಿ ಕಟ್ಟಿದ ಕಡೆ ಕಾಲೂ ಇಡಂಗಿಲ್ಲ. ಮುಂಜಾನೆ ನೆಲದಿಂದ ಸಮುದ್ರಕ್ಕ ಬೀಸೋ ಗಾಳಿಗೆ ಇಳಿದ್ರ ವಾಪಸ್ ದಂಡಿ ಸಿಗಂಗಿಲ್ಲ. ನೀರಿನಿಂದ ಬರಾಂವ ಒಳಗ ಹೊಂಟವ್ಗ ದಾರಿ ಬಿಡ್ಬೇಕು. ಆಮ್ಯಾಲೆ ಕಣ್ಣ ಮುಚ್ಚಿಸಿ ಆ ಕೆಂಪು ಹಿಡಿ ಹತ್ತು ಸಲ ದೂಡಿಸಿದ್ರು, ನಮ್ಮ ಹುಡುಗ ಪಿಟ್ ಅನ್ನದ ದೂಡಿದ.

ರೊಕ್ಕ ಕೊಡೋಕ್ಕಿಂತ ಮದ್ಲ ಕಲಸಾಂವ್ಗ ಇಷ್ಟ ಕೇಳ್ರಿ, ಕೈಟ್ ಎಲ್ಲಿ ಎಬ್ಬಸ್ತೀರಿ, ಎಲ್ಲಿ ಇಳಸ್ತೀರಿ, ಎಲ್ಲಿ ಹೋಗಬಾರ್ದು, ನಡದು ತೋರಸ್ರಿ ಅನ್ರಿ. "ಅದೆಲ್ಲ ಆಮ್ಯಾಲೆ" ಅಂದ್ರ ಎದ್ದು ಬರ್ರಿ.

ಅಂಗೈ ಗೆರಿ ಇನ್ನೂ ಹೋಗಿಲ್ಲ. ಅಕ್ಕ ಕೇಳಿದ್ಲು, ಕಾರಿನ ಬಾಗಲಾಗ ಸಿಕ್ತು ಅಂದೀನಿ, ಆಕಿ ಫೇಸ್‌ಬುಕ್ ನೋಡಂಗಿಲ್ಲ ಅನ್ನೋ ಧೈರ್ಯದ ಮ್ಯಾಲೆ ಇದನ್ನ ಹಾಕಾಕತ್ತೀನಿ.